ಮೀನು ಸತ್ತಿತೆಂದು ತೊಟ್ಟಿ ತೊಳೆಯಬೇಡಿ

ಬೆಳಿಗ್ಗೆ ದೀಪ ಹಾಕಿದರೆ ಎರಡು ಗಪ್ಪಿಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ, ಉಳಿದವು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿವೆ. ಆಗ ಥಟ್ಟನೆ ಹೊಳೆಯುವುದು ನೀರೆಲ್ಲ ಚೆಲ್ಲಿ, ಕಲ್ಲು ಉಜ್ಜಿ, ತೊಟ್ಟಿಯನ್ನು ಫಳಫಳ ತೊಳೆಯುವ ಯೋಚನೆ. ನಾನೂ ಒಮ್ಮೆ ಹಾಗೇ ಮಾಡಿದೆ. ಸಂಜೆಯೊಳಗೆ ಉಳಿದ ನಾಲ್ಕೂ ಹೋದವು.

ಮೊದಲು ಸತ್ತ ಮೀನುಗಳನ್ನು ತೆಗೆಯಿರಿ. ಗಿಡದ ಬುಡ, ಫಿಲ್ಟರಿನ ಸಂದಿಯನ್ನೂ ಬಿಡದೆ ಹುಡುಕಿ. ಕೊಳೆಯುವ ಮೀನು ನೀರಿನಲ್ಲಿ ಅಮೋನಿಯಾ ಏರಿಸುತ್ತದೆ. ಏರ್ ಪಂಪ್ ಜೋರಾಗಿ ಓಡಲಿ. ಕರೆಂಟ್ ಇಲ್ಲವೇ? ತೊಟ್ಟಿಯದೇ ನೀರನ್ನು ಮಗ್ಗಿನಲ್ಲಿ ಮೊಗೆದು ಗೇಣು ಎತ್ತರದಿಂದ ಸುರಿಯುತ್ತಿರಿ. ಎರಡು ದಿನ ಆಹಾರ ಬೇಡ. ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಆದರೆ ಬೆಳೆದ ಮೀನು ಅಷ್ಟು ಉಪವಾಸ ತಡೆಯುತ್ತದೆ.

ಆಮೇಲೆ ನೀರು. ಬದಲಿಸುವುದು ಮೂರನೇ ಒಂದು ಭಾಗ ಮಾತ್ರ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 55 ಲೀಟರ್ ಹಿಡಿಯುತ್ತದೆ. ಒಂದು ದೊಡ್ಡ ಬಕೆಟ್ ತೆಗೆದರೆ ಸಾಕು. ಪೈಪು ಹಾಕಿ ತಳದ ಕಸದೊಂದಿಗೆ ಎಳೆಯಿರಿ. ನಲ್ಲಿ ನೀರಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ, ಆದ್ದರಿಂದ ಅಕ್ವೇರಿಯಂ ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿಗಳನ್ನು ಸೀಸೆಯ ಮೇಲಿನ ಅಳತೆಯಂತೆ ಬಕೆಟ್ಟಿಗೆ ಮೊದಲೇ ಬೆರೆಸಿ. ಕೈ ಅದ್ದಿ ನೋಡಿ, ಎರಡೂ ನೀರಿನ ಬಿಸಿ ಒಂದೇ ಇರಲಿ.

ಇನ್ನು ಫಿಲ್ಟರಿನ ಸ್ಪಂಜು. ಹಿಂಡಿದರೆ ಕಂದು ಲೋಳೆ ಇಳಿಯುತ್ತದೆ, ಮಳೆಗಾಲದ ಮಣ್ಣಿನ ವಾಸನೆ. ನಮಗೆ ಕೊಳೆ ಎನಿಸುವ ಇದರಲ್ಲೇ ಮೀನಿನ ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್ ಆಗಿಸಿ, ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ನಲ್ಲಿಯ ಕೆಳಗೆ ತೊಳೆದರೆ ಅವು ಸಾಯುತ್ತವೆ. ನನ್ನ ನಾಲ್ಕು ಗಪ್ಪಿಗಳು ಸತ್ತದ್ದು ಹೀಗೆಯೇ ಇರಬೇಕು. ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ, ವಾಪಸ್ ಇಡಿ. ಹೊಸ ತೊಟ್ಟಿಯಲ್ಲಿ ಈ ಬಳಗ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಹತ್ತು ಮೀನು ಕೊಟ್ಟು ಕಳಿಸುವ ಅಂಗಡಿಯವರು ಇದನ್ನು ಹೇಳುವುದು ಕಡಿಮೆ.

ಉಳಿದದ್ದು ಪತ್ತೇದಾರಿ ಕೆಲಸ. ಎರಡು ದಿನಗಳಲ್ಲಿ ಏನು ಬದಲಾಯಿತು? ಹೊಸ ಮೀನು ಬಂತೇ? ಕೋಣೆಯಲ್ಲಿ ಸೊಳ್ಳೆ, ಜಿರಲೆ ಸ್ಪ್ರೇ ಹೊಡೆದಿರೇ? ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ, ಆ ಸ್ಪ್ರೇಗಳಲ್ಲಿನ ಪೈರೆಥ್ರಾಯ್ಡ್ ಮೀನಿಗೆ ಕಡುವಿಷ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದರೆ ಅದು ರೋಗ, ಅದಕ್ಕೆ ಔಷಧ ಬೇಕು. ಕಾರಣ ತಿಳಿಯದೆ ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧ ಸುರಿದರೆ ಆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯಬಹುದು.

ಟೆಸ್ಟ್ ಕಿಟ್ ಇದ್ದರೆ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೊನ್ನೆ ಇರಬೇಕು. ಸೊನ್ನೆ ಬರದಿದ್ದರೆ ನಾಳೆ ಇನ್ನೊಂದು ಬಕೆಟ್, ನಾಡಿದ್ದು ಮತ್ತೊಂದು. ಸೊನ್ನೆಗಿಳಿದು ಒಂದು ವಾರವಾಗುವವರೆಗೆ ಸತ್ತವುಗಳ ಜಾಗಕ್ಕೆ ಹೊಸ ಮೀನು ತರಬೇಡಿ.