'ಅನ್ವಯಿಸು' ಬಟನ್ ಕಿತ್ತು ಹಾಕಿದ ಕತೆ

ಓಕೆ, ಕ್ಯಾನ್ಸಲ್, ಅಪ್ಲೈ (ವಿಂಡೋ ಮುಚ್ಚದೆಯೇ ಬದಲಾವಣೆ ಜಾರಿ ಮಾಡೋ ಬಟನ್). ವಿಂಡೋಸ್ ಸಾಫ್ಟ್‌ವೇರ್ ಅಂದಮೇಲೆ ಸೆಟ್ಟಿಂಗ್ಸ್‌ನಲ್ಲಿ ಈ ಮೂರೂ ಇರಲೇಬೇಕು ಅಂತ ನನ್ನ ಪಾರ್ಟ್ನರ್ ಹಟ ಹಿಡಿದಿದ್ದರು. ಅಪ್ಲೈ ತೆಗೆದರೆ ಅಂಗಡಿಯವರು ಗಲಾಟೆ ಮಾಡ್ತಾರೆ ಅಂದರು. ತೆಗೆದು ಒಂದೂವರೆ ವರ್ಷ ಆಯ್ತು. ಗಲಾಟೆ ಬಿಡಿ, ಸಪೋರ್ಟ್ ಫೋನೇ ಅರ್ಧಕ್ಕೆ ಇಳಿದಿದೆ.

ನಮ್ಮದು ಕಿರಾಣಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್, ಮೈಕ್ರೋಸಾಫ್ಟ್‌ನ ವಿನ್‌ಫಾರ್ಮ್ಸ್ ಟೂಲ್‌ಕಿಟ್‌ನಲ್ಲಿ ಕಟ್ಟಿದ್ದು. ಕನ್ನಡಕ್ಕೆ ತಂದಾಗ ಅಪ್ಲೈಗೆ 'ಅನ್ವಯಿಸು' ಅಂತ ಹಾಕಿದ್ದೆ. ಒಬ್ಬರು ಫೋನ್ ಮಾಡಿ, "ಸಾರ್, ಇದು ಯಾರಿಗೆ ಅನ್ವಯಿಸುತ್ತೆ?" ಅಂದರು. ಬಟನ್ ಬೇರೆ ಡಿಫಾಲ್ಟ್ 75x23 ಪಿಕ್ಸೆಲ್. ವಯಸ್ಸಾದವರಿಗೆ ಅಂತ ಫಾಂಟ್ ದೊಡ್ಡದು ಮಾಡಿದ್ದೇ ತಡ, ಒತ್ತಕ್ಷರ ಕೆಳಗಡೆ ಕಟ್. 'ರದ್ದು' ಹೋಗಿ 'ರದು' ಆಯ್ತು.

ಮೊದಲು ಮ್ಯಾಕ್, ಗ್ನೋಮ್ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್) ಥರ ಬದಲಾಯಿಸಿದ ತಕ್ಷಣ ಜಾರಿ ಮಾಡಿ ನೋಡಿದೆ. ಪೆಟ್ಟು ತಿಂದೆ. ಕಾಂಬೋಬಾಕ್ಸ್ (ಒತ್ತಿದರೆ ಆಯ್ಕೆಗಳ ಪಟ್ಟಿ ಇಳಿಯೋ ಪೆಟ್ಟಿಗೆ) ಮೇಲೆ ಫೋಕಸ್ ಇದ್ದಾಗ ಮೌಸ್ ವೀಲ್ ತಿರುಗಿದರೆ ಆಯ್ಕೆಯೂ ತಿರುಗುತ್ತೆ, ಅಲ್ವಾ? ಒಂದು ಅಂಗಡಿಯಲ್ಲಿ ಪೇಪರ್ ಅಗಲದ ಸೆಟ್ಟಿಂಗ್ 58 ಮಿ.ಮೀ. ಇದ್ದದ್ದು 80ಕ್ಕೆ ಹೋಯ್ತು. ಶನಿವಾರ ಸಂಜೆ, ತುಂಬಿದ ಅಂಗಡಿ, ಬಿಲ್ಲಿನಲ್ಲಿ ರೇಟಿನ ಕಾಲಂ ಅರ್ಧ ಮಾಯ. ಮೂರ್ನಾಲ್ಕು ರೋಲ್ ದಂಡ. ಅವರು ಮುಂದಿನ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಶುಲ್ಕ) ಕಟ್ಟಲೇ ಇಲ್ಲ. ಸುಮಾರು ನಾಲ್ಕು ಸಾವಿರ ಹೋಯ್ತು.

ಆಮೇಲೆ ಬೇರೆ ಮಾಡಿದೆ. ಬಣ್ಣ, ಫಾಂಟ್ ತಕ್ಷಣ ಬದಲಾಗುತ್ತವೆ. ಪ್ರಿಂಟರ್, ಟ್ಯಾಕ್ಸ್, ಬಿಲ್ ನಂಬರ್‌ಗೆ ಮಾತ್ರ 'ಉಳಿಸಿ', 'ಬೇಡ'. ಏನೂ ಬದಲಾಗದಿದ್ದರೆ 'ಉಳಿಸಿ' ಮಂಕಾಗಿಯೇ ಇರುತ್ತೆ. ಅಪ್ಲೈ ಇದ್ದ ಜಾಗದಲ್ಲಿ 'ಒಂದು ಬಿಲ್ ತೆಗೆದು ನೋಡಿ'. ಉಳಿಸುವ ಮೊದಲೇ ಹೊಸ ಸೆಟ್ಟಿಂಗ್‌ನಲ್ಲಿ ಸ್ಯಾಂಪಲ್ ಬಿಲ್ ಬರುತ್ತೆ. ಜನ ಅಪ್ಲೈ ಒತ್ತುತ್ತಿದ್ದದ್ದು ಪರೀಕ್ಷೆ ಮಾಡೋಕೆ ತಾನೇ!

ಎಂಟರ್ ಕೀಯನ್ನು 'ಉಳಿಸಿ'ಗೆ ಕಟ್ಟಿದ್ದು ಇನ್ನೊಂದು ಎಡವಟ್ಟು. ಬಾರ್‌ಕೋಡ್ ಸ್ಕ್ಯಾನರ್ ಕೊನೆಗೆ ಎಂಟರ್ ಕಳಿಸುತ್ತೆ. ಸೆಟ್ಟಿಂಗ್ಸ್ ತೆರೆದಿದ್ದಾಗ ಹುಡುಗ ಸೋಪು ಸ್ಕ್ಯಾನ್ ಮಾಡಿದ. ಹದಿಮೂರು ಅಂಕಿಯ ಬಿಲ್ ನಂಬರ್ ಸೇವ್ ಆಗಿ ಕೂತಿತು! ಆವತ್ತೇ ಆಕ್ಸೆಪ್ಟ್‌ಬಟನ್ (ಎಂಟರ್ ಒತ್ತಿದರೆ ಯಾವ ಬಟನ್ ಅಂತ ಹೇಳೋ ಸೆಟ್ಟಿಂಗ್) ಖಾಲಿ ಬಿಟ್ಟೆ. ಎಸ್ಕೇಪ್ ಒತ್ತಿದರೆ 'ಬೇಡ', ಅದು ಹಾಗೇ ಇದೆ. ಈಗ ಸ್ಕ್ಯಾನರ್ ಎಂಟರ್ ಯಾವುದು, ಕೈ ಎಂಟರ್ ಯಾವುದು ಅಂತ ಗುರುತಿಸೋ ದಾರಿ ಸಿಕ್ಕಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಒಂದು ಪ್ರಯೋಗ. ಟ್ಯಾಲಿ ಲೆಕ್ಕಪತ್ರ ಸಾಫ್ಟ್‌ವೇರ್‌ನಲ್ಲಿ ಪಳಗಿದ ಕೈಗಳು ಉಳಿಸೋಕೆ ಕಂಟ್ರೋಲ್-ಎ ಒತ್ತುತ್ತವೆ. ಅದನ್ನೇ ಇಟ್ಟೆ. ಟೆಕ್ಸ್ಟ್‌ಬಾಕ್ಸ್ ಒಳಗೆ ಅದು ಸೆಲೆಕ್ಟ್ ಆಲ್ ಅನ್ನೋದೇ ಮರೆತಿದ್ದೆ. ಎರಡು ದಿನಕ್ಕೆ ತೆಗೆದೆ. ಈಗ ಎಫ್10.