ಮೊದಲು ಫೋನ್, ಆಮೇಲೆ ಮೇಲ್: ನನ್ನ ಅನುಭವ

ನನ್ನ ಕೆಲಸ ಆರ್ಡರ್ ಫಾಲೋಅಪ್. ಗ್ರಾಹಕರು ಯಂತ್ರದ ಬಿಡಿಭಾಗಗಳಿಗೆ ಆರ್ಡರ್ ಕೊಡುತ್ತಾರೆ. ಮಾಲು ಹೇಳಿದ ದಿನಕ್ಕೆ ತಲುಪಬೇಕು, ತಲುಪಿದ ಮೇಲೆ ದುಡ್ಡು ಬರಬೇಕು. ಇವೆರಡನ್ನೂ ನೋಡಿಕೊಳ್ಳುವುದು ನನ್ನ ಪಾಲು. ಒಂದು ಕಡೆ ಗ್ರಾಹಕರು, ಇನ್ನೊಂದು ಕಡೆ ನಮಗೆ ಕಚ್ಚಾಮಾಲು ಕೊಡುವವರು, ನಡುವೆ ನಾನು. ದಿನವಿಡೀ ಮೇಲ್ ಬರುತ್ತಲೇ ಇರುತ್ತವೆ. ದಾಖಲೆ ಇಟ್ಟುಕೊಳ್ಳೋಕೆ ಮೇಲ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಫೋನೇ ಆಗಬೇಕು.

ಬಾಕಿ ವಸೂಲಿಯಿಂದ ಶುರು ಮಾಡುತ್ತೇನೆ. ಫೋನಿನ ಬೆಲೆ ಅಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ. ಇನ್‌ವಾಯ್ಸ್ ಕಳಿಸಿ ಗಡುವು ದಾಟಿರುತ್ತದೆ. ‘ಕೆಳಗಿನ ಇನ್‌ವಾಯ್ಸ್‌ನ ಪೇಮೆಂಟ್ ಬಾಕಿ ಇದೆ, ದಯವಿಟ್ಟು ಗಮನಿಸಿ’ ಅಂತ ಮೇಲ್ ಹಾಕುತ್ತೇವೆ. ‘ಪರಿಶೀಲಿಸಿ ತಿಳಿಸುತ್ತೇವೆ’ ಅಂತ ಉತ್ತರ ಬರುತ್ತದೆ, ಇಲ್ಲವೇ ಉತ್ತರವೇ ಇಲ್ಲ. ವಾರ ಬಿಟ್ಟು ರಿಮೈಂಡರ್. ಮತ್ತೊಂದು ರಿಮೈಂಡರ್. ಆಮೇಲೆ ಅವರ ಮ್ಯಾನೇಜರ್‌ಗೆ ಸಿಸಿ. ಸಿಸಿ ಹಾಕಿದ ಕ್ಷಣವೇ ಅದು ದೂರು ಆಗಿಬಿಡುತ್ತದೆ. ಅಲ್ಲಿ ಕೂತಿರುವ ಅಕೌಂಟ್ಸ್‌ನವರು ಇನ್ನು ಮುಂದೆ ನಿಮಗೆ ಒಂದು ಮಾತೂ ಜಾಸ್ತಿ ಹೇಳುವುದಿಲ್ಲ.

ನಾನು ಮೊದಲ ಮೇಲ್‌ಗೆ ಉತ್ತರ ಬರದಿದ್ದರೆ ಎರಡನೆಯದನ್ನು ಬರೆಯುವುದೇ ಇಲ್ಲ. ಫೋನ್ ಮಾಡುತ್ತೇನೆ. ‘ದುಡ್ಡು ಯಾವಾಗ ಬರುತ್ತೆ?’ ಅಂತ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಫೋನ್ ಎತ್ತಿದವರಿಗೆ ಇರುವುದಿಲ್ಲ, ಹಾಗಾಗಿ ಅವರು ತಪ್ಪಿಸಿಕೊಳ್ಳಲೇಬೇಕಾಗುತ್ತದೆ. ‘ನಮಸ್ಕಾರ ಮೇಡಂ, ಈ ನಂಬರಿನ ಇನ್‌ವಾಯ್ಸ್ ನಿಮ್ಮ ಸಿಸ್ಟಮ್‌ನಲ್ಲಿ ಯಾವ ಹಂತದಲ್ಲಿದೆ, ಸ್ವಲ್ಪ ನೋಡ್ತೀರಾ?’ ಅನ್ನುತ್ತೇನೆ. ಇದಕ್ಕೆ ಯಾರನ್ನೂ ಕೇಳದೆ ಅವರೇ ಉತ್ತರ ಕೊಡಬಹುದು. ಕೀಬೋರ್ಡ್ ಸದ್ದು ಕೇಳಿಸುತ್ತದೆ. ‘ಜಿಆರ್‌ಎನ್ ಆಗಿಲ್ಲ ಸರ್, ಸ್ಟೋರ್ಸ್‌ನವರು ಇನ್ನೂ ಎಂಟ್ರಿ ಹಾಕಿಲ್ಲ.’

ಜಿಆರ್‌ಎನ್ ಅಂದರೆ ಮಾಲು ಬಂದು ಸೇರಿತು ಅಂತ ಸ್ಟೋರ್ಸ್‌ನವರು ಮಾಡುವ ದಾಖಲೆ. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಪರ್ಚೇಸ್ ಆರ್ಡರ್, ಜಿಆರ್‌ಎನ್, ಇನ್‌ವಾಯ್ಸ್ ಮೂರೂ ಒಂದಕ್ಕೊಂದು ತಾಳೆಯಾಗದೆ ಪೇಮೆಂಟ್ ಮುಂದೆ ಹೋಗುವುದಿಲ್ಲ. ಮಾಲು ಎರಡು ಕಂತಿನಲ್ಲಿ ಹೋಗಿ ಇನ್‌ವಾಯ್ಸ್ ಒಂದೇ ಆಗಿರಬಹುದು. ಪರ್ಚೇಸ್ ಆರ್ಡರ್ ತಿದ್ದುಪಡಿಯಾಗಿ ದರದಲ್ಲಿ ಸಣ್ಣ ವ್ಯತ್ಯಾಸ ಬಂದಿರಬಹುದು. ಆಗ ಇನ್‌ವಾಯ್ಸ್ ಸುಮ್ನೆ ಅಲ್ಲೇ ಕೂತಿರುತ್ತದೆ. ಯಾರೂ ತಡೆಹಿಡಿದಿಲ್ಲ, ಯಾರಿಗೂ ದುರುದ್ದೇಶ ಇಲ್ಲ. ಆದರೆ ‘ಸ್ಟೋರ್ಸ್‌ನವರು ಎಂಟ್ರಿ ಹಾಕಿಲ್ಲ’ ಅಂತ ಮೇಲ್‌ನಲ್ಲಿ ಬರೆಯೋಕೆ ಯಾರಿಗೂ ಧೈರ್ಯ ಬರುವುದಿಲ್ಲ. ತಮ್ಮದೇ ಕಂಪನಿಯ ಇನ್ನೊಂದು ವಿಭಾಗದ ತಪ್ಪನ್ನು ಹೊರಗಿನವರಿಗೆ ಲಿಖಿತವಾಗಿ ಯಾರು ಕೊಡುತ್ತಾರೆ ಹೇಳಿ? ಬಾಯಿಮಾತಲ್ಲಿ ಹೇಳುತ್ತಾರೆ. ಜೊತೆಗೆ ಸ್ಟೋರ್ಸ್‌ನಲ್ಲಿ ಯಾರನ್ನು ಕೇಳಬೇಕು ಅನ್ನುವುದನ್ನೂ ಹೇಳುತ್ತಾರೆ.

ವ್ಯವಹಾರದಲ್ಲಿ ನಿಜವಾಗಿ ಬೇಕಾದ ಮಾಹಿತಿಯಲ್ಲಿ ತುಂಬಾ ಭಾಗ ಬರವಣಿಗೆಗೆ ಬರುವುದೇ ಇಲ್ಲ. ಬರೆದದ್ದು ಫಾರ್ವರ್ಡ್ ಆಗುತ್ತದೆ, ನಾಳೆ ಯಾರ ಮುಂದೆ ತೆರೆದುಕೊಳ್ಳುತ್ತದೋ ಗೊತ್ತಿಲ್ಲ. ಹಾಗಾಗಿ ಮೇಲ್ ಬರೆಯುವಾಗ ಎಲ್ಲರೂ ತಮ್ಮನ್ನು ಕಾಪಾಡಿಕೊಂಡೇ ಬರೆಯುತ್ತಾರೆ. ನಾನೂ ಹಾಗೇ ಬರೆಯೋದು.

ಫೋನಿನಲ್ಲಿ ಸಿಗುವ ಇನ್ನೊಂದು ವಿಷಯ, ಮಾತಿಗೆ ಮುಂಚಿನ ಮೌನ. ‘20ನೇ ತಾರೀಖಿಗೆ ಮಾಲು ಕೊಡೋಕೆ ಆಗುತ್ತಾ?’ ಅಂತ ಪೂರೈಕೆದಾರರನ್ನು ಕೇಳುತ್ತೇನೆ. ‘ಆಗುತ್ತೆ’ ಅನ್ನುವ ಉತ್ತರ ಎರಡು ಥರ ಬರುತ್ತದೆ. ಪ್ರಶ್ನೆ ಮುಗಿಯುವಷ್ಟರಲ್ಲೇ ಬಂದರೆ ಚಿಂತೆಯಿಲ್ಲ. ಒಂದು ಉಸಿರು ತಡೆದು, ‘ಹ್ಞಾಂ... ಆಗುತ್ತೆ’ ಅಂದರೆ ಆ ತಾರೀಖನ್ನು ನಾನು ನಂಬುವುದಿಲ್ಲ. ಮೇಲ್‌ನಲ್ಲಿ ಎರಡೂ ಒಂದೇ ವಾಕ್ಯ: ‘20ಕ್ಕೆ ಕಳುಹಿಸುತ್ತೇವೆ.’

ಇದು ಬರೀ ನನ್ನ ಅನಿಸಿಕೆ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾಷಾವಿಜ್ಞಾನಿ ತಾನ್ಯಾ ಸ್ಟೈವರ್ಸ್ ಮತ್ತು ಜೊತೆಗಾರರು ಜಗತ್ತಿನ ಬೇರೆಬೇರೆ ಕಡೆಯ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದರು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗಲು ಹಿಡಿಯುವ ಸಮಯ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಒಪ್ಪಿಗೆಯ ಉತ್ತರ ಸಾಮಾನ್ಯವಾಗಿ ಬೇಗ ಬರುತ್ತದೆ, ಇಲ್ಲ ಅನ್ನುವ ಉತ್ತರ ತಡವಾಗುತ್ತದೆ. ಇಷ್ಟು ಚಿಕ್ಕ ಅಂತರಕ್ಕೆ ನಮ್ಮ ಕಿವಿ ಒಗ್ಗಿಹೋಗಿದೆ, ಅದಕ್ಕೇ ಅರ್ಧ ಸೆಕೆಂಡಿನ ತಡವೂ ಕೇಳಿಸುತ್ತದೆ. ಒಂದು ಎಚ್ಚರಿಕೆ ಮಾತ್ರ. ಇಂಟರ್‌ನೆಟ್ ಮೂಲಕ ಹೋಗುವ ಕರೆಯಲ್ಲಿ ಲೈನೇ ತಡ ಮಾಡುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪೋಕೆ 150 ಮಿಲಿಸೆಕೆಂಡ್ ದಾಟಬಾರದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ನೆಟ್‌ವರ್ಕ್ ಚೆನ್ನಾಗಿಲ್ಲದ ದಿನ ಅದು ಎಲ್ಲಿ ಸಾಧ್ಯ? ಅಂಥ ಹೊತ್ತಲ್ಲಿ ಎಲ್ಲರೂ ಹಿಂಜರಿಯುತ್ತಿರುವ ಹಾಗೇ ಕೇಳಿಸುತ್ತದೆ. ಮುಖ್ಯವಾದ ತಾರೀಖು ಕೇಳಬೇಕಿದ್ದರೆ ನಾನು ಮಾಮೂಲಿ ಕರೆಯನ್ನೇ ಮಾಡುತ್ತೇನೆ.

ಆ ಮೌನ ಕೇಳಿಸಿದ ಮೇಲೆ ಏನು ಮಾಡಬೇಕು? ಗಟ್ಟಿಯಾಗಿ ಒತ್ತಾಯಿಸಿದರೆ ‘ಇಲ್ಲ ಸರ್, ಖಂಡಿತ ಕೊಡ್ತೀವಿ’ ಅಂತಾರೆ, ಮಾಲು ಮಾತ್ರ ಬರುವುದಿಲ್ಲ. ನಾನು ಬೇರೆ ದಾರಿ ಹಿಡಿಯುತ್ತೇನೆ. ‘ತೊಂದರೆ ಇದ್ದರೆ ಈಗಲೇ ಹೇಳಿಬಿಡಿ, ನನಗೆ ಮೊದಲ ಕಂತು ಎಷ್ಟು ಸಿಕ್ಕರೂ ಸಾಕು, ಉಳಿದದ್ದು ಯಾವಾಗ ಅಂತ ಮಾತಾಡೋಣ.’ ಆಗ ನಿಜ ಹೊರಗೆ ಬರುತ್ತದೆ. ಹೊರಗಡೆ ಕೊಟ್ಟ ಪ್ಲೇಟಿಂಗ್ (ಲೋಹದ ಲೇಪನ) ಕೆಲಸ ತಡವಾಗಿದೆ, ಅಥವಾ ಮೆಷಿನ್ ರಿಪೇರಿಯಲ್ಲಿದೆ. ಇದು ತಾರೀಖಿಗೆ ಹತ್ತು ದಿನ ಮುಂಚೆ ಗೊತ್ತಾದರೆ ಸಾಕು, ಹೇಗಾದರೂ ನಿಭಾಯಿಸಬಹುದು.

ದರದ ವಿಷಯದಲ್ಲೂ ಹೀಗೇ. ‘ನಿಮ್ಮ ಕೊಟೇಶನ್ ಜಾಸ್ತಿಯಾಯ್ತು’ ಅಂತ ಒಂದು ಸಾಲಿನ ಮೇಲ್ ಬಂದರೆ ಹೊಸಬರು ತಕ್ಷಣ ದರ ಇಳಿಸಿ ಮತ್ತೆ ಕಳಿಸುತ್ತಾರೆ. ಫೋನ್ ಮಾಡಿ ‘ಯಾವುದಕ್ಕೆ ಹೋಲಿಸಿದರೆ ಜಾಸ್ತಿ ಸರ್?’ ಅಂತ ಕೇಳಿ ನೋಡಿ. ನಮ್ಮದರಲ್ಲಿ ಸಾಗಣೆ ವೆಚ್ಚ ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಸೇರಿರುವುದಿಲ್ಲ. ದರ ಇಳಿಸುವ ಅಗತ್ಯವೇ ಬೀಳುವುದಿಲ್ಲ.

ಸಿಟ್ಟಿನ ಮೇಲ್ ಬಂದಾಗ ನನ್ನದು ಒಂದೇ ನಿಯಮ. ಸಿಟ್ಟಿನ ಮೇಲ್‌ಗೆ ಮೇಲ್ ಬರೆದು ಸಮಾಧಾನ ಹೇಳುವುದಿಲ್ಲ. ಬರೆದ ಮಾತಿನಲ್ಲಿ ದನಿ ಇರುವುದಿಲ್ಲ, ಓದುವವರು ತಮ್ಮ ಮನಸ್ಥಿತಿಯ ದನಿಯನ್ನೇ ಅದಕ್ಕೆ ಹಾಕಿಕೊಳ್ಳುತ್ತಾರೆ. ‘ನೀವು ಕಳುಹಿಸಿದ ಡ್ರಾಯಿಂಗ್ ಪ್ರಕಾರವೇ ಮಾಡಿದ್ದೇವೆ’ ಅನ್ನುವ ವಾಕ್ಯವನ್ನು ನಾವು ಮಾಹಿತಿಗಾಗಿ ಬರೆದಿರಬಹುದು. ಆ ಕಡೆಯವರು ಅದನ್ನು ‘ತಪ್ಪು ನಿಮ್ಮದೇ’ ಅಂತ ಓದುತ್ತಾರೆ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತಿತರರು 2005ರಲ್ಲಿ ಇದರ ಮೇಲೆ ಪ್ರಯೋಗದ ವರದಿ ಪ್ರಕಟಿಸಿದರು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಮೇಲ್‌ನಲ್ಲೂ ದನಿಯಲ್ಲೂ ಕಳಿಸಲು ವಿದ್ಯಾರ್ಥಿಗಳಿಗೆ ಹೇಳಿದರು. ಎರಡರಲ್ಲೂ ಶೇ. 78ರಷ್ಟು ಸಲ ಸರಿಯಾಗಿ ಅರ್ಥವಾಗುತ್ತದೆ ಅಂತ ಕಳಿಸಿದವರ ಅಂದಾಜು. ದನಿ ಕೇಳಿದವರು ಶೇ. 73ರಷ್ಟು ಸರಿಯಾಗಿ ಹೇಳಿದರು. ಮೇಲ್ ಓದಿದವರು ಬರೀ ಶೇ. 56. ಕಣ್ಣು ಮುಚ್ಚಿ ಊಹಿಸಿದ್ದರೂ ಅರ್ಧ ಸರಿ ಬರುತ್ತಿತ್ತು ಅಲ್ವಾ!

ಹಾಗಾಗಿ ಸಿಟ್ಟಿನ ಮೇಲ್ ಬಂದರೆ ಅದನ್ನು ಎರಡು ಸಲ ಓದಿ, ಅದರಲ್ಲಿರುವ ವಿಷಯವನ್ನಷ್ಟೇ ಕಾಗದದ ಮೇಲೆ ಬರೆದುಕೊಂಡು ಫೋನ್ ಎತ್ತುತ್ತೇನೆ. ‘ಮೇಲ್ ನೋಡಿದೆ ಸರ್. ಏನಾಯ್ತು, ನಿಮ್ಮ ಬಾಯಿಂದಲೇ ಕೇಳೋಣ ಅಂತ ಫೋನ್ ಮಾಡಿದೆ.’ ಅಷ್ಟು ಹೇಳಿ ಸುಮ್ಮನಾಗಬೇಕು. ಮೊದಲ ಎರಡು ಮೂರು ನಿಮಿಷ ಅವರದ್ದೇ. ನಡುವೆ ‘ಹೌದು ಸರ್, ಆದರೆ’ ಅಂತ ಬಾಯಿ ಹಾಕಿದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಅವರು ಹೇಳಿ ಮುಗಿಸಿದ ಮೇಲೆ ದನಿ ತಾನಾಗಿಯೇ ಇಳಿಯುತ್ತದೆ. ಆಗ ಕೇಳುತ್ತೇನೆ: ‘ಈಗ ನಿಮ್ಮ ಪ್ರೊಡಕ್ಷನ್ ಲೈನ್ ನಿಂತಿದೆಯಾ, ಅಥವಾ ನಾಳೆವರೆಗೆ ಸಮಯ ಇದೆಯಾ?’ ಬಹಳ ಸಲ ಸಮಯ ಇರುತ್ತದೆ. ಮೇಲ್‌ನಲ್ಲಿ ಮಾತ್ರ ಎಲ್ಲವೂ ಈಗಲೇ ಆಗಬೇಕು.

ಕೆಟ್ಟ ಸುದ್ದಿಯನ್ನಂತೂ ನಾನು ಮೇಲ್‌ನಲ್ಲಿ ಕೊಡುವುದೇ ಇಲ್ಲ. ಮಾಲು ತಡವಾಗುತ್ತದೆ ಅಂತ ನಮಗೆ ಗೊತ್ತಾದ ದಿನವೇ ಗ್ರಾಹಕರಿಗೆ ಫೋನ್. ಬೈಸಿಕೊಳ್ಳಬೇಕಾಗುತ್ತದೆ, ಬೈಸಿಕೊಳ್ಳುತ್ತೇನೆ. ಶುಕ್ರವಾರ ಸಂಜೆ ಮೇಲ್ ಕಳಿಸಿ ಫೋನ್ ಸೈಲೆಂಟ್‌ಗೆ ಹಾಕುವವರನ್ನು ಗ್ರಾಹಕರು ಮರೆಯುವುದಿಲ್ಲ.

ಫೋನ್ ಮಾಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಚಿಕ್ಕ ಮೆಸೇಜ್: ‘ಈ ಆರ್ಡರ್ ವಿಷಯ, 5 ನಿಮಿಷ ಮಾತಾಡಬೇಕಿತ್ತು. 11 ಗಂಟೆಗೆ ಕರೆ ಮಾಡಲಾ?’ ಬರೀ ‘ಬಿಡುವಾದಾಗ ಫೋನ್ ಮಾಡಿ’ ಅಂತ ಕಳಿಸಬೇಡಿ. ಏನು ಗ್ರಹಚಾರವೋ ಅಂತ ಆ ಕಡೆಯವರು ಗಾಬರಿಯಾಗುತ್ತಾರೆ. ಕರೆಯ ಹೊತ್ತಿಗೆ ಪರ್ಚೇಸ್ ಆರ್ಡರ್, ಹಳೆಯ ಮೇಲ್‌ಗಳು, ಡ್ರಾಯಿಂಗ್‌ನ ಕೊನೆಯ ರಿವಿಷನ್ ನನ್ನ ಮುಂದೆ ತೆರೆದಿರುತ್ತವೆ. ಕೇಳಬೇಕಾದ ಪ್ರಶ್ನೆ ಮೂರಕ್ಕಿಂತ ಜಾಸ್ತಿ ಇದ್ದರೆ ಅದು ಫೋನಿನ ವಿಷಯ ಅಲ್ಲ, ಮೀಟಿಂಗ್‌ನ ವಿಷಯ.

ಮಾತಾಡುವಾಗ ಪಾರ್ಟ್ ನಂಬರ್ ಮತ್ತು ಅಳತೆಯ ವಿಷಯದಲ್ಲಿ ಹುಷಾರು. ಹಳೆಯ ಮಾಮೂಲಿ ಫೋನ್ ಲೈನ್ 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ‘ಎಸ್’ ಮತ್ತು ‘ಎಫ್’ ಅಕ್ಷರಗಳನ್ನು ಬೇರೆ ಮಾಡುವ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ, ಹಾಗಾಗಿ ಅವೆರಡೂ ಒಂದೇ ಥರ ಕೇಳಿಸುತ್ತವೆ. ‘ಬಿ’, ‘ಡಿ’, ‘ಪಿ’ಗಳದ್ದೂ ಅದೇ ಕಥೆ. ವಿಮಾನದವರು ಎ, ಬಿ, ಸಿ ಅನ್ನುವ ಬದಲು ಆಲ್ಫಾ, ಬ್ರಾವೊ, ಚಾರ್ಲಿ ಅಂತ ಹೇಳುವುದು ಸುಮ್ನೆ ಅಲ್ಲ. ನಾನು ನಂಬರುಗಳನ್ನು ಬಾಯಲ್ಲಿ ಕೊಡುವುದೇ ಇಲ್ಲ. ‘ಅದನ್ನು ಬರೆದು ಕಳಿಸ್ತೀನಿ’ ಅನ್ನುತ್ತೇನೆ.

ಮೇಲ್‌ನ ಕೆಲಸ ಶುರುವಾಗುವುದು ಇಲ್ಲಿಂದ. ಫೋನ್ ಇಟ್ಟ ಕೂಡಲೇ, ಬೇರೆ ಕೆಲಸ ಮುಟ್ಟುವ ಮುಂಚೆ, ನಾಲ್ಕು ಸಾಲು ಬರೆಯುತ್ತೇನೆ. ‘ಈಗ ಮಾತಾಡಿದಂತೆ: 300 ಪೀಸ್ 20ನೇ ತಾರೀಖಿಗೆ, ಉಳಿದ 200 ಪೀಸ್ 28ಕ್ಕೆ. ಡ್ರಾಯಿಂಗ್ ರಿವಿಷನ್ ಸಿ ಪ್ರಕಾರ. ಸಾಗಣೆ ವೆಚ್ಚ ನಮ್ಮದು. ಇದರಲ್ಲಿ ಏನಾದರೂ ಬದಲಾವಣೆ ಇದ್ದರೆ ಇವತ್ತೇ ತಿಳಿಸಿ.’ ಇಷ್ಟೇ. ಫೋನಿನಲ್ಲಿ ಕೇಳಿದ ಒಳಗಿನ ಕಥೆಗಳು, ಸ್ಟೋರ್ಸ್‌ನವರ ಹೆಸರು, ಯಾರ ಮೇಲೆ ಯಾರಿಗೆ ಬೇಸರ ಅನ್ನುವುದು ಒಂದಕ್ಷರವೂ ಮೇಲ್‌ಗೆ ಬರಬಾರದು. ಒಮ್ಮೆ ಬಂದರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ಫೋನ್ ಮಾಡಿ ಮೇಲ್ ಹಾಕದವರು ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಮಾಡಿದವರು. ತಿಂಗಳಾದ ಮೇಲೆ ‘ನಾನು ಹಾಗೆ ಹೇಳೇ ಇಲ್ಲ’ ಅಂದರೆ ತೋರಿಸೋಕೆ ಏನೂ ಇರುವುದಿಲ್ಲ.

ಎಲ್ಲರಿಗೂ ಫೋನ್ ಹೊಂದುವುದಿಲ್ಲ ಅನ್ನುವುದೂ ನಿಜ. ಕಿವಿ ಮಂದ ಇರುವವರಿಗೆ, ತಮ್ಮದಲ್ಲದ ಭಾಷೆಯಲ್ಲಿ ಮಾತಾಡಬೇಕಾದವರಿಗೆ ಬರವಣಿಗೆಯೇ ಸುಲಭ. ನಾವು ಎದ್ದಿರುವಾಗ ಅವರು ಮಲಗಿರುವ ದೇಶದವರಿಗೆ ಮೇಲ್ ಬಿಟ್ಟರೆ ಗತಿಯಿಲ್ಲ. ಒಪ್ಪಂದದ ಷರತ್ತು ಕೂಡ ಮೊದಲಿಂದ ಕೊನೆವರೆಗೆ ಬರವಣಿಗೆಯಲ್ಲೇ ಇರಬೇಕು.

ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಫೋನ್ ಅಂದರೆ ಹೆದರಿಕೆ. ಏನಾದರೂ ಕೇಳಿಬಿಟ್ಟರೆ ಏನು ಹೇಳೋದು ಅನ್ನುವ ಭಯ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರ ಇದೆ. ಹಳೆಯ ಪರಿಚಯದವರ ಜೊತೆ ಫೋನಿನಲ್ಲಿ ಮಾತಾಡಿದರೆ ಮೇಲ್‌ಗಿಂತ ಮುಜುಗರ ಜಾಸ್ತಿ ಅಂತ ಜನ ಅಂದುಕೊಂಡಿದ್ದರು. ಮಾತಾಡಿದ ಮೇಲೆ ನೋಡಿದರೆ ಮುಜುಗರ ಜಾಸ್ತಿಯಾಗಿರಲಿಲ್ಲ, ಹತ್ತಿರವಾದ ಭಾವನೆ ಮಾತ್ರ ಜಾಸ್ತಿಯಾಗಿತ್ತು. ನಾನು ಹೊಸಬರಿಗೆ ಒಂದೇ ವಾಕ್ಯ ಕಲಿಸುತ್ತೇನೆ: ‘ಅದನ್ನು ವಿಚಾರಿಸಿ ನಾಲ್ಕು ಗಂಟೆಯೊಳಗೆ ಹೇಳ್ತೀನಿ ಸರ್.’ ಈ ವಾಕ್ಯ ಕೈಲಿದ್ದರೆ ಯಾವ ಪ್ರಶ್ನೆ ಬಂದರೂ ಹೆದರಬೇಕಿಲ್ಲ. ನಾಲ್ಕು ಗಂಟೆಯೊಳಗೆ ಹೇಳಬೇಕು, ಅಷ್ಟೇ.

ಇನ್ನೊಂದು ಸಂದರ್ಭದಲ್ಲಿ ಫೋನ್ ಮಾಡುವುದು ಬಿಡುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಪೂರೈಕೆದಾರರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಹಾಕಿ’ ಅಂತ ಮೇಲ್ ಬಂದಾಗ. ಮೇಲ್ ಖಾತೆಗೆ ಕನ್ನ ಹಾಕಿ, ಹಳೆಯ ಮೇಲ್ ಸರಣಿಯಲ್ಲೇ ಉತ್ತರ ಬರೆಯುವ ಕಳ್ಳರಿದ್ದಾರೆ. ಸಹಿ, ಲೋಗೋ, ಇನ್‌ವಾಯ್ಸ್ ನಂಬರ್ ಎಲ್ಲ ಸರಿಯಾಗಿಯೇ ಇರುತ್ತದೆ. ಈ ಬಗೆಯ ಮೋಸದಿಂದ 2023ರಲ್ಲಿ ತನಗೆ ಬಂದ ದೂರುಗಳ ನಷ್ಟವೇ ಸುಮಾರು 290 ಕೋಟಿ ಡಾಲರ್ ಅಂತ ಅಮೆರಿಕದ ಎಫ್‌ಬಿಐ ವರದಿ ಮಾಡಿದೆ. ನಾವು ಮಾಡುವುದು ಇಷ್ಟು. ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗೆ ಫೋನ್ ಮಾಡುವುದಿಲ್ಲ, ನಮ್ಮ ಬಳಿ ಮೊದಲಿಂದ ಇರುವ ನಂಬರಿಗೇ ಮಾಡುತ್ತೇವೆ. ಅವರೇ ಫೋನ್ ಮಾಡಿ ಹೇಳಿದರೂ ಇಟ್ಟು, ನಾವು ತಿರುಗಿ ಮಾಡುತ್ತೇವೆ. ಈಗ ದನಿಯನ್ನೂ ನಕಲು ಮಾಡುವ ಕಾಲ. ಹೊಸ ಖಾತೆಯ ಪೂರ್ತಿ ನಂಬರನ್ನು ಅವರೇ ಒಂದೊಂದಾಗಿ ಓದಿ ಹೇಳಬೇಕು, ನಾವು ಓದಿ ‘ಸರಿನಾ?’ ಅಂತ ಕೇಳುವುದಿಲ್ಲ. ಇದರಿಂದ ಒಬ್ಬ ಪೂರೈಕೆದಾರರೂ ಬೇಸರ ಮಾಡಿಕೊಂಡಿದ್ದು ನಾನು ನೋಡಿಲ್ಲ, ಅವರ ದುಡ್ಡೇ ಅಲ್ವಾ! ನಂಬರ್ ತಾಳೆಯಾದ ಮೇಲಷ್ಟೇ ನಮ್ಮ ಅಕೌಂಟ್ಸ್‌ನವರು ಸಿಸ್ಟಮ್‌ನಲ್ಲಿ ಖಾತೆ ಬದಲಾಯಿಸುತ್ತಾರೆ.