ಮನೆಯೊಳಗೆ ಕಂಬದ ಕ್ಯಾಕ್ಟಸ್: ಬೆಂಗಳೂರಿನ ಮಳೆಗಾಲ ದಾಟಿಸುವುದು ಹೇಗೆ

ಕಂಬದ ಹಾಗೆ ನೆಟ್ಟಗೆ ಬೆಳೆಯುವ ಕ್ಯಾಕ್ಟಸ್ ಬೆಂಗಳೂರಿನ ಚಳಿಯನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಅದು ಕೊಳೆಯುವುದು ಜೂನ್‌ನಿಂದ ಅಕ್ಟೋಬರ್ ಒಳಗೆ, ಮೋಡ ಕವಿದಿದ್ದಾಗಲೂ ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕುವುದರಿಂದ. ಆ ತಿಂಗಳುಗಳಲ್ಲಿ ಗಿಡ ನಿದ್ದೆಗೆ ಜಾರುವಷ್ಟು ಚಳಿ ಇರುವುದಿಲ್ಲ, ಗಟ್ಟಿಯಾಗಿ ಬೆಳೆಯುವಷ್ಟು ಬೆಳಕೂ ಇರುವುದಿಲ್ಲ, ಮಣ್ಣಂತೂ ಆರುವುದೇ ಇಲ್ಲ. ಹಾಗಾಗಿ ಬೆಳಕು ಎಷ್ಟಿದೆಯೋ ನೋಡಿಕೊಂಡು ನೀರು ಹಾಕಿ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಕೊಳ್ಳುವಾಗ

ನರ್ಸರಿಗಳಲ್ಲಿ ಕ್ಯಾಕ್ಟಸ್ ಎಂದು ಕೊಡುವುದರಲ್ಲಿ ಎರಡು ಜಾತಿ ಸೇರಿರುತ್ತವೆ. ದಕ್ಷಿಣ ಅಮೆರಿಕ ಮೂಲದ ಸೆರಿಯಸ್, ನೀಲಿ ಬಣ್ಣದ ಪೈಲೋಸೋಸೆರಿಯಸ್ ನಿಜವಾದ ಕ್ಯಾಕ್ಟಸ್‌ಗಳು. ಇವುಗಳಲ್ಲಿ ಮುಳ್ಳಿನ ಗೊಂಚಲು ಹುಟ್ಟುವ ಜಾಗದಲ್ಲೆಲ್ಲ ನಾರಿನಂಥ ಮೆತ್ತನೆಯ ಚುಕ್ಕಿ ಕಾಣುತ್ತದೆ. ಮೂರು ಏಣಿನ, ಅಂಚಿಗೆ ಪುಟ್ಟ ಎಲೆ, ಜೋಡಿ ಮುಳ್ಳು ಇರುವ ಗಿಡ ಯುಫೋರ್ಬಿಯಾ, ನಮ್ಮ ಬೇಲಿಯ ಕಳ್ಳಿಯ ಬಳಗದ್ದು. ಆರೈಕೆ ಹೆಚ್ಚುಕಮ್ಮಿ ಒಂದೇ; ಆದರೆ ಅದರ ಬಿಳಿ ಹಾಲು ಕಣ್ಣಿಗೆ ತಗುಲಿದರೆ ಅಪಾಯ, ಕತ್ತರಿಸುವಾಗ ಕೈಗವಸು, ಕನ್ನಡಕ ಬೇಕೇ ಬೇಕು.

ಪೆನ್ನಿನ ಹಿಂಬದಿಯಿಂದ ಗಿಡದ ಬುಡ ಒತ್ತಿ ನೋಡಿ. ಕಂದು ಬಣ್ಣವಿದ್ದು ಗಟ್ಟಿಯಾಗಿದ್ದರೆ ಅದು ವಯಸ್ಸಿನ ಗುರುತು, ಮೆತ್ತಗಿದ್ದರೆ ಕೊಳೆ. ಮಣ್ಣಿನ ಮೇಲೆ ಬಣ್ಣದ ಕಲ್ಲು ಅಂಟಿಸಿದ ಕುಂಡಗಳನ್ನು ಬಿಟ್ಟುಬಿಡಿ, ಒಳಗೆ ಏನಾಗಿದೆ ಎಂದು ತಿಳಿಯುವುದಿಲ್ಲ.

ಕಿಟಕಿ

ಪೂರ್ವದ ಕಿಟಕಿ ವರ್ಷವಿಡೀ ಒಳ್ಳೆಯದು, ಪಕ್ಕದ ಕಟ್ಟಡ ಅಡ್ಡ ಇಲ್ಲದಿದ್ದರೆ. ದಕ್ಷಿಣದ ಕಿಟಕಿಯೇ ಶ್ರೇಷ್ಠ ಎನ್ನುವುದು ದೂರದ ಉತ್ತರ ದೇಶಗಳ ಮಾತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಬೀಳುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಅದು ಚೆನ್ನ. ಗಾಜಿನಿಂದ ಎರಡು ಅಡಿಯೊಳಗೆ ಇಟ್ಟು, ದಿನಕ್ಕೆ ನಾಲ್ಕು ಗಂಟೆಯಾದರೂ ಬಿಸಿಲು ಸಿಗುವಂತೆ ನೋಡಿ. ಹದಿನೈದು ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಕಿಟಕಿಯ ಕಡೆಗೆ ಬಾಗುತ್ತದೆ. ಮುಳ್ಳಿನ ಗಿಡ ಮನೆಯೊಳಗೆ ಬೇಡ ಎನ್ನುವ ಹಿರಿಯರ ಜೊತೆ ವಾದ ನಿಮಗೇ ಬಿಟ್ಟದ್ದು. ಮಕ್ಕಳು ಓಡಾಡುವ ದಾರಿಯಲ್ಲಂತೂ ಬೇಡ.

ಮಣ್ಣು, ಕುಂಡ

ನರ್ಸರಿಯಿಂದ ತಂದ ಗಿಡದ ಬೇರನ್ನು ಹೆಚ್ಚಾಗಿ ಅಂಟುಮಣ್ಣು ಇಲ್ಲವೇ ಬರಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸುತ್ತಿಕೊಂಡಿರುತ್ತದೆ. ಒಣಗಿದ ಮೇಲೆ ಮೆಲ್ಲಗೆ ಉದುರಿಸಿ ತೆಗೆಯಿರಿ. ಹೊಸ ಮಿಶ್ರಣಕ್ಕೆ ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು, ಒರಟು ಮರಳು ಒಂದು ಪಾಲು, ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಬಳಸುವುದಾದರೆ ಅದರ ಪುಡಿ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಸಾಸಿವೆಯಿಂದ ಮೆಣಸಿನ ಕಾಳಿನಷ್ಟು ದಪ್ಪದ ಹರಳು ಮಾತ್ರ ಉಳಿಯಲಿ. ಆ ಪುಡಿ ಉಳಿದರೆ ನೀರು ಇಳಿಯುವ ಸಂದುಗಳೆಲ್ಲ ಮುಚ್ಚಿಹೋಗುತ್ತವೆ.

ತಳಕ್ಕೆ ಜಲ್ಲಿ ಹಾಸುವ ರೂಢಿ ಬಿಡಿ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ನೀರು ನಿಲ್ಲುತ್ತದೆ, ಒದ್ದೆ ಭಾಗ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ತೂತಿನ ಮೇಲೆ ಒಂದು ಓಡಿನ ಚೂರು ಸಾಕು. ಮೂರಡಿ ಗಿಡಕ್ಕೆ ಹತ್ತು ಇಂಚಿನ ಮಣ್ಣಿನ ಕುಂಡ ಸರಿ. ಪ್ಲಾಸ್ಟಿಕ್ ಕುಂಡವಾದರೆ ತೂಕ ಸಾಲದೆ ಉರುಳುತ್ತದೆ. ಗಿಡವನ್ನು ಗೋಣಿಚೀಲ ಸುತ್ತಿ ಎತ್ತಿ, ಮೊದಲಿದ್ದ ಆಳಕ್ಕೇ ನೆಡಿ. ವಾಲುತ್ತದೆ ಎಂದು ಕಾಂಡವನ್ನು ಹೂಳಿದರೆ ಅಲ್ಲೇ ಕೊಳೆ ಶುರುವಾಗುತ್ತದೆ. ಬಿದಿರು ಕೋಲು ಕಟ್ಟಿ. ಒಂದು ವಾರ ನೀರು ಬೇಡ, ತುಂಡಾದ ಬೇರು ಒಣಗಲಿ.

ನೀರು

ಉದ್ದನೆಯ ಬಿದಿರು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ತಣ್ಣಗಿದ್ದರೆ ಅಥವಾ ಮಣ್ಣು ಅಂಟಿದ್ದರೆ ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಪೂರ್ತಿ ಒಣಗಿದ್ದರೆ ಬೆಳಗ್ಗೆ, ತಳದಿಂದ ಹರಿಯುವವರೆಗೆ ಹಾಕಿ, ತಟ್ಟೆಯ ನೀರು ಚೆಲ್ಲಿಬಿಡಿ. ಸುಮಾರು ಲೆಕ್ಕ ಹೇಳುವುದಾದರೆ ಫೆಬ್ರವರಿಯಿಂದ ಮೇವರೆಗೆ 10–12 ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ. ದಿನಾ ಒಂದು ಲೋಟ ಎನ್ನುವ ಪ್ರೀತಿ ಈ ಗಿಡಕ್ಕೆ ಆಗಿಬರುವುದಿಲ್ಲ. ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ, ಹಿಡಿದಿಟ್ಟ ಮಳೆನೀರನ್ನು ಬೇಸಿಗೆಯಲ್ಲಿ ಧಾರಾಳವಾಗಿ ಹಾಯಿಸಿ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಲೀಟರ್ ನೀರಿಗೆ ಅರ್ಧ ಗ್ರಾಂ, ಬೇಸಿಗೆಯಲ್ಲಿ ಮಾತ್ರ ತಿಂಗಳಿಗೊಮ್ಮೆ.

ಕೆಟ್ಟಾಗ

ತುದಿ ಪೆನ್ಸಿಲಿನಂತೆ ಸಣ್ಣಗಾಗಿ ತಿಳಿಹಸಿರಿಗೆ ತಿರುಗಿದರೆ ಬೆಳಕು ಸಾಲುತ್ತಿಲ್ಲ. ಸಪೂರವಾದ ಭಾಗ ಮತ್ತೆ ದಪ್ಪವಾಗದು. ಹಾಗೆಂದು ಒಮ್ಮೆಲೇ ಮಾರ್ಚ್ ಬಿಸಿಲಿಗೆ ಇಟ್ಟರೆ ಆ ಪಕ್ಕ ಸುಟ್ಟು ಬೆಳ್ಳಗಾಗುತ್ತದೆ, ಕಲೆ ಹೋಗುವುದಿಲ್ಲ. ದಿನಕ್ಕೊಂದು ಗಂಟೆಯಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ರೂಢಿ ಮಾಡಿಸಿ. ಕಾಂಡ ಸುಕ್ಕುಗಟ್ಟಿದ್ದು ನೀರು ಹಾಕಿ ವಾರವಾದರೂ ತುಂಬಿಕೊಳ್ಳದಿದ್ದರೆ ಬೇರು ಕೊಳೆತಿರಬಹುದು, ಕಿತ್ತು ನೋಡಿ. ಮುಳ್ಳಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಚೂರು ಕಂಡರೆ ಹಿಟ್ಟು ತಿಗಣೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ, ವಾರಕ್ಕೊಮ್ಮೆಯಂತೆ ಮೂರು ಸಲ.

ಬುಡ ಕೊಳೆತಿದ್ದರೆ ಔಷಧಿ ಹುಡುಕುತ್ತಾ ಕೂರಬೇಡಿ, ಕತ್ತರಿಸಿ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಮೇಲಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಹೋಗಿ. ನಡುವಿನ ಉಂಗುರದಲ್ಲಿ ಕಂದು ಅಥವಾ ಕಿತ್ತಳೆ ಚುಕ್ಕಿ ಒಂದೂ ಕಾಣದ ಜಾಗಕ್ಕೆ ನಿಲ್ಲಿಸಿ. ಪ್ರತಿ ಕೊಯ್ತಕ್ಕೂ ಚಾಕು ಒರೆಸಲೇಬೇಕು. ಉಳಿದ ತುಂಡನ್ನು ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಎರಡು ಮೂರು ವಾರದಲ್ಲಿ ಗಾಯದ ಮೇಲೆ ಗಟ್ಟಿ ಚರ್ಮ ಬರುತ್ತದೆ. ಮಲಗಿಸಿಟ್ಟರೆ ಬಾಗುತ್ತದೆ. ಆಮೇಲೆ ಒಣ ಮಿಶ್ರಣದಲ್ಲಿ ಎರಡು ಇಂಚು ಇಳಿಸಿ ಕೋಲು ಕಟ್ಟಿ, ಇನ್ನೆರಡು ವಾರ ಕಳೆದು ಸ್ವಲ್ಪವೇ ನೀರು ಹಾಕಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಕಾಗಿ ಬಂದರೆ ಕತ್ತರಿಸಿದ ತುಂಡಿನ ಪಕ್ಕ ಟೇಬಲ್ ಫ್ಯಾನ್ ಓಡಲಿ, ಇಲ್ಲದಿದ್ದರೆ ಗಾಯಕ್ಕೆ ಬೂಷ್ಟು ಹಿಡಿಯುತ್ತದೆ.